ಬೆಂಗಳೂರು–ದೆಹಲಿ ವಿಮಾನಯಾನ: ದೂರ, ಹಾರಾಟದ ಅವಧಿ ಮತ್ತು ನಿಜವಾದ ಪ್ರಯಾಣಕಾಲ

ವ್ಯವಹಾರ ನಿಮಿತ್ತ ದೆಹಲಿಗೆ ತೆರಳುವ ನಮ್ಮ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಅನೇಕರು ಟಿಕೆಟ್ಟಿನಲ್ಲಿ ನಮೂದಾದ ಅವಧಿಯನ್ನೇ ಆಧರಿಸಿ ಭೇಟಿಯ ವೇಳೆಯನ್ನು ಗೊತ್ತುಪಡಿಸುತ್ತಾರೆ. ವಿಮಾನ ಸಕಾಲಕ್ಕೆ ಇಳಿದರೂ ಖರೀದಿದಾರರ ಕಚೇರಿಗೆ ತಡವಾಗಿ ತಲುಪಲು ಇದೇ ಕಾರಣವಾಗುತ್ತದೆ. ಆದ್ದರಿಂದ ಈ ಅವಧಿಯಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ತಿಳಿದಿರುವುದು ಅವಶ್ಯಕ.

ದೂರದ ಲೆಕ್ಕ

ಕೆಂಪೇಗೌಡ ವಿಮಾನ ನಿಲ್ದಾಣದಿಂದ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 1,700 ಕಿ.ಮೀ. ವೈಮಾನಿಕ ದಾಖಲೆಗಳಲ್ಲಿ ಇದು ಸುಮಾರು 920 ಮೈಲಿ ಎಂದಿರುತ್ತದೆ. ಅಲ್ಲಿ ಬಳಸುವುದು 1.852 ಕಿ.ಮೀ. ಉದ್ದದ ನಾಟಿಕಲ್ ಮೈಲಿ; ರಸ್ತೆಯ ಮೈಲಿಯಲ್ಲ. ರಸ್ತೆ ಮಾರ್ಗವಾದರೆ ದೂರ 2,000 ಕಿ.ಮೀ. ಮೀರುತ್ತದೆ, ರಾಜಧಾನಿ ಎಕ್ಸ್‌ಪ್ರೆಸ್ ರೈಲಿಗೂ ಒಂದೂವರೆ ದಿನದಷ್ಟು ಕಾಲ ಬೇಕು.

ಅವಧಿಯ ಲೆಕ್ಕ

ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 830 ಕಿ.ಮೀ. ಎಂದಿಟ್ಟುಕೊಂಡರೆ ಎರಡು ಗಂಟೆಯಲ್ಲಿ ದೆಹಲಿ ತಲುಪಬೇಕು. ಆದರೆ ಏರುವಾಗ ಹಾಗೂ ಇಳಿಯುವಾಗ ಈ ವೇಗವಿರುವುದಿಲ್ಲ. ನಿಗದಿತ ವಾಯುಮಾರ್ಗವೂ ಸರಳರೇಖೆಯಲ್ಲ. ಹೀಗಾಗಿ ಆಕಾಶದಲ್ಲಿ ಕಳೆಯುವ ಕಾಲ ಸುಮಾರು 2 ಗಂಟೆ 20 ನಿಮಿಷವಾಗುತ್ತದೆ. ವಿಮಾನವು ನಿಂತ ಸ್ಥಳದಿಂದ ಹೊರಟು ರನ್‌ವೇ ಸೇರುವ ಕಾಲ, ಇಳಿದ ಬಳಿಕ ನಿಲುಗಡೆಯ ಸ್ಥಳಕ್ಕೆ ಬರುವ ಕಾಲ ಇವೆಲ್ಲ ಕೂಡಿ ವೇಳಾಪಟ್ಟಿಯಲ್ಲಿ 2 ಗಂಟೆ 45 ನಿಮಿಷದಿಂದ 3 ಗಂಟೆಯವರೆಗೆ ತೋರಿಸಲಾಗುತ್ತದೆ.

ಗಾಳಿಯ ಪ್ರಭಾವವೂ ಉಂಟು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲ ಗಾಳಿ ಬೀಸುತ್ತದೆ. ಹೆಚ್ಚುಕಡಿಮೆ ಇಷ್ಟೇ ದೂರದ ಮುಂಬಯಿ–ಕೋಲ್ಕತಾ ಮಾರ್ಗದಲ್ಲಿ ಆಗ ಹೋಗುವ ಪ್ರಯಾಣ ಬೇಗನೆ ಮುಗಿದು, ಮರಳುವ ಪ್ರಯಾಣ ದೀರ್ಘವಾಗುತ್ತದೆ. ದಕ್ಷಿಣೋತ್ತರವಾಗಿರುವ ನಮ್ಮ ಮಾರ್ಗದಲ್ಲಿ ಈ ವ್ಯತ್ಯಾಸ ಕಡಿಮೆ.

ಮನೆಯಿಂದ ಕಚೇರಿಯವರೆಗೆ

ಬೆಂಗಳೂರು ನಗರದಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ, ತಪಾಸಣೆ ಇತ್ಯಾದಿಗಳಿಗಾಗಿ ಎರಡು ಗಂಟೆ, ವಿಮಾನದ ವೇಳೆ 2 ಗಂಟೆ 50 ನಿಮಿಷ, ಸಾಮಾನು ಪಡೆದು ಹೊರಬರಲು 40 ನಿಮಿಷ, ದೆಹಲಿ ನಗರ ಸೇರಲು ಒಂದು ಗಂಟೆ ಎಂದು ಹಿಡಿದರೆ ಒಟ್ಟು ಎಂಟು ಗಂಟೆ. ಅಂದರೆ ಬೆಳಿಗ್ಗೆ 6ರ ವಿಮಾನಕ್ಕೆ ನಸುಕಿನ 2.30ಕ್ಕೆ ಮನೆ ಬಿಟ್ಟವರು ದೆಹಲಿಯ ಕಚೇರಿ ಸೇರುವುದು 10.30ಕ್ಕೆ. ಭೇಟಿಯನ್ನು 11.30ಕ್ಕೆ ಮುಂಚೆ ಗೊತ್ತುಪಡಿಸದಿರುವುದು ಕ್ಷೇಮ.

ಮಾದರಿ ಸರಕನ್ನು ಕಾರ್ಗೋ ಮೂಲಕ ಕಳುಹಿಸುವವರು ಇನ್ನೂ ಹೆಚ್ಚಿನ ಕಾಲಾವಕಾಶ ಇಟ್ಟುಕೊಳ್ಳಬೇಕು. ಸರಕನ್ನು ವಿಮಾನ ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಒಪ್ಪಿಸಬೇಕಾಗುತ್ತದೆ. ದೆಹಲಿಯಲ್ಲಿ ಅದನ್ನು ಬಿಡಿಸಿಕೊಳ್ಳಲೂ ಸಮಯ ಹಿಡಿಯುತ್ತದೆ.

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ದೆಹಲಿಯ ದಟ್ಟ ಮಂಜಿನಿಂದ ಬೆಳಗಿನ ವಿಮಾನಗಳು ತಡವಾಗುವುದುಂಟು. ಆ ದಿನಗಳಲ್ಲಿ ಮಹತ್ವದ ಮಾತುಕತೆಯಿದ್ದರೆ ಹಿಂದಿನ ದಿನವೇ ತೆರಳುವುದು ಲೇಸು. ಒಂದು ರಾತ್ರಿಯ ವಸತಿ ವೆಚ್ಚವು ಕೈತಪ್ಪುವ ಬೇಡಿಕೆಯ ಮುಂದೆ ದೊಡ್ಡದಲ್ಲ.