ಹಿಮ್ಮಡಿಯ ರಕ್ತದ ಹನಿ ಹೇಳುವ ಸತ್ಯ

ಹುಟ್ಟಿದಾಗ ಚೆನ್ನಾಗಿ ಅತ್ತ, ತೂಕದಲ್ಲೂ ಕೊರತೆಯಿಲ್ಲದ ಮಗು ನಾಲ್ಕನೆಯ ದಿನಕ್ಕೆ ಮೊಲೆಹಾಲನ್ನು ಒಲ್ಲೆನ್ನುತ್ತದೆ. ನಿದ್ದೆ ಹೆಚ್ಚುತ್ತದೆ, ಮೈ ಸಡಿಲಗೊಳ್ಳುತ್ತದೆ, ಬಳಿಕ ಸೆಳೆತ ಕಾಣಿಸುತ್ತದೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಾಗಲಿ, ಹುನಗುಂದದ ಕಡೆಯ ಹಳ್ಳಿಯಲ್ಲಾಗಲಿ ಇಂಥ ಕೂಸನ್ನು ಕಂಡ ವೈದ್ಯರು ಮೊದಲು ಶಂಕಿಸುವುದು ಸೋಂಕನ್ನು. ಮನೆಯ ಹಿರಿಯರು ದೃಷ್ಟಿಯನ್ನು. ವೈದ್ಯರ ಶಂಕೆ ಬಹುಪಾಲು ಸರಿಯೇ. ಆದರೆ ಕೆಲವೊಮ್ಮೆ ರೋಗಾಣುವೇ ಇರುವುದಿಲ್ಲ. ಒಂದು ಕಿಣ್ವದ ಕೊರತೆಯಿಂದ, ಕುಡಿದ ಹಾಲೇ ಮಗುವಿಗೆ ವಿಷವಾಗಿರುತ್ತದೆ.

ಇವುಗಳಿಗೆ ಜನ್ಮಜಾತ ಚಯಾಪಚಯ ದೋಷಗಳೆಂದು ಹೆಸರು. ಮೇಪಲ್ ಸಿರಪ್ ಮೂತ್ರರೋಗವನ್ನೇ ನೋಡಬಹುದು. ಹಾಲಿನ ಪ್ರೋಟೀನಿನಲ್ಲಿರುವ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಅಮೈನೊ ಆಮ್ಲಗಳನ್ನು ಒಡೆಯುವ ಶಕ್ತಿ ಈ ಮಗುವಿನ ದೇಹಕ್ಕಿಲ್ಲ. ಅವು ರಕ್ತದಲ್ಲಿ ಶೇಖರವಾಗಿ ಮಿದುಳನ್ನು ಕೆಡಿಸುತ್ತವೆ. ಮೂತ್ರಕ್ಕೆ ಹತ್ತಿದ ಸಕ್ಕರೆ ಪಾಕದ ವಾಸನೆ ಬರುತ್ತದೆ. ಬೇಗ ಪತ್ತೆಯಾದರೆ ವಿಶೇಷ ಆಹಾರದಿಂದ ಮಗುವನ್ನು ಉಳಿಸಿಕೊಳ್ಳಬಹುದು. ತಡವಾದರೆ ಜೀವ ಉಳಿದರೂ ಬುದ್ಧಿಮಾಂದ್ಯ ಉಳಿಯುತ್ತದೆ.

ಇವು ಪಾಶ್ಚಾತ್ಯರ ಪಠ್ಯಪುಸ್ತಕದ ಕಾಯಿಲೆಗಳೆಂಬ ನಂಬಿಕೆಯನ್ನು ಅಲುಗಿಸಿದ್ದು ಕರ್ನಾಟಕವೇ. ನವಜಾತ ಶಿಶುಗಳ ತಪಾಸಣೆ ಭಾರತದಲ್ಲಿ ಮೊದಲು ಆರಂಭವಾದದ್ದು 1980ರಲ್ಲಿ, ಬೆಂಗಳೂರಿನಲ್ಲಿ. ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಎಚ್.ಎಸ್. ಸಾವಿತ್ರಿ ಮೊದಲಾದವರು 1,12,269 ಶಿಶುಗಳ ರಕ್ತವನ್ನು ಪರೀಕ್ಷಿಸಿ 1988ರಲ್ಲಿ ವರದಿ ಪ್ರಕಟಿಸಿದರು. ಟೈರೊಸಿನೀಮಿಯ, ಮೇಪಲ್ ಸಿರಪ್ ಮೂತ್ರರೋಗ, ಫೀನೈಲ್‌ಕೀಟೋನ್ಯೂರಿಯ ಇಲ್ಲಿಯೂ ಇವೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಅದೇ ಕಾಲದಲ್ಲಿ ಬೆಂಗಳೂರು, ಮೈಸೂರುಗಳ ಬಾಣಂತಿಯರ ನಡುವೆ ನಡೆದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಸೋದರಮಾವನೊಂದಿಗಿನ ಮದುವೆಗಳದ್ದೇ ಅದರಲ್ಲಿ ದೊಡ್ಡ ಪಾಲು. ಈ ದೋಷಗಳಲ್ಲಿ ಹೆಚ್ಚಿನವು ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಒಂದೇ ಅಜ್ಜಿಯ ಕುಡಿಗಳಾದವರಲ್ಲಿ ಒಂದೇ ಜೀನ್ ಅಡಗಿರುವ ಸಂಭವ ಹೆಚ್ಚು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಶೇ 25ರಷ್ಟು ಅಪಾಯವುಂಟು. ಹಾಗೆಂದು ಸೋದರಿಕೆಯ ಮದುವೆಯಾದವರಿಗೆಲ್ಲ ಇಂಥ ಮಕ್ಕಳೇ ಹುಟ್ಟುವುದಿಲ್ಲ, ಹೊರಗಿನ ಸಂಬಂಧ ತಂದವರು ಪಾರಾದರೆಂದೂ ಅಲ್ಲ. ಕೂಸು ತೀರಿಕೊಂಡ ಮನೆಯಲ್ಲಿ ತಪ್ಪನ್ನು ಸೊಸೆಯೊಬ್ಬಳ ತಲೆಗೆ ಕಟ್ಟುವುದಕ್ಕಂತೂ ವಿಜ್ಞಾನದ ಆಧಾರವೇ ಇಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಹುಟ್ಟಿದ ಎರಡು-ಮೂರು ದಿನಗಳಲ್ಲಿ ಹಿಮ್ಮಡಿ ಚುಚ್ಚಿ, ಕೆಲವು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಕಳುಹಿಸಿದರೆ ಸಾಕು; ಟ್ಯಾಂಡಮ್ ಮಾಸ್ ಸ್ಪೆಕ್ಟ್ರೊಮೀಟರ್ ಹತ್ತಾರು ದೋಷಗಳನ್ನು ಒಂದೇ ಬಾರಿಗೆ ಶೋಧಿಸುತ್ತದೆ. ಅದೇ ಕಾಗದದಿಂದ ಥೈರಾಯ್ಡ್ ಕೊರತೆಯನ್ನೂ ತಿಳಿಯಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ಇದು ಸುಮಾರು 1,130 ಶಿಶುಗಳಲ್ಲಿ ಒಂದಕ್ಕಿದೆ. ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಆ ಮಗು ಉಳಿದ ಮಕ್ಕಳಂತೆಯೇ ಬೆಳೆಯುತ್ತದೆ. ಇಷ್ಟಾದರೂ 1980ರ ಆ ಆರಂಭದ ನಂತರ ದೇಶದಲ್ಲಿ ಈ ತಪಾಸಣೆ ಕಡ್ಡಾಯವಾಗಿಲ್ಲ.

ಚಿಕಿತ್ಸೆಯ ವೆಚ್ಚ ಬೇರೆಯದೇ ಕಥೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ, 2022ರ ತಿದ್ದುಪಡಿಯಂತೆ, ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೋಗಿಗೆ 50 ಲಕ್ಷ ರೂ.ವರೆಗೆ ನೆರವು ದೊರೆಯಬಹುದು. ಕರ್ನಾಟಕದಲ್ಲಿ ಅಂಥ ಕೇಂದ್ರವೆಂದರೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಬಾಗಲಕೋಟೆಯ ನವನಗರದಲ್ಲಿ 2002ರಿಂದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆಯಾದರೂ, ಈ ನೆರವಿಗಾಗಿ ಬಾದಾಮಿ, ಇಳಕಲ್ಲಿನ ತಾಯಂದಿರು ಒಂದು ರಾತ್ರಿಯ ಪ್ರಯಾಣ ಮಾಡಲೇಬೇಕು.

ಹಿಂದಿನ ಕೂಸು ಮೊದಲ ವಾರಗಳಲ್ಲೇ ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಆ ಸಂಗತಿಯನ್ನು ಮುಂದಿನ ಬಸಿರಿಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಉಳಿಯಲಾರದ ಮಗುವಿನಿಂದಲೂ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ತೆಗೆದಿರಿಸಿದ್ದರೆ ಅದರಿಂದ ಜೀನ್ ದೋಷವನ್ನು ಗುರುತಿಸಲು ಸಾಧ್ಯ. ದೋಷ ಯಾವುದೆಂದು ಗೊತ್ತಿದ್ದರೆ, ಮುಂದಿನ ಗರ್ಭದ ಮೂರನೆಯ ತಿಂಗಳ ಸುಮಾರಿಗೇ ಪರೀಕ್ಷೆ ಮಾಡಿಸಬಹುದು.