ಹುಲಿ ಉಗುರು ಯಾರ ಕೊರಳಿಗೆ?

ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹುಲಿ ಮಾತೆತ್ತಿ ನೋಡಿ. ‘ನಮಗ್ಯಾಕೆ ಸ್ವಾಮಿ ಅದರ ಉಸಾಬರಿ? ಇಲ್ಲಿರೋದು ತೆಂಗು, ರಾಗಿ’ ಅಂತಾರೆ. ಅಜ್ಜಂಪುರದವರು ‘ನಮ್ಮಲ್ಲಿರೋದು ಅಮೃತಮಹಲ್ ದನ’ ಅಂದಾರು. ಆದರೆ ತರೀಕೆರೆಯಲ್ಲಿ ಲಕ್ಕವಳ್ಳಿ ಬಸ್ ಹತ್ತಿದರೆ ಹುಲಿಯ ಮನೆ ಬಾಗಿಲಲ್ಲೇ ಇಳಿಯುತ್ತೀರಿ. ಅದೇ ಭದ್ರಾ ಅಭಯಾರಣ್ಯ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು.

ಈ ಕಾಡಿಗಾಗಿ ನಮ್ಮ ಜನ ತೆತ್ತ ಬೆಲೆ ಸಣ್ಣದಲ್ಲ. 2001-02ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ತಲೆತಲಾಂತರದ ಮನೆ, ಗದ್ದೆ ಬಿಟ್ಟು ಹೊರಬಂದವು. ಹೆಚ್ಚಿನವರು ನೆಲೆ ನಿಂತದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ.

ಅವರು ಅಷ್ಟು ಬಿಟ್ಟುಕೊಟ್ಟ ಮೇಲೆ, ಪೇಟೆಯವರಾದ ನಾವು ಬಿಡಬೇಕಾದ್ದು ಒಂದೇ: ಹುಲಿ ಉಗುರಿನ ಹುಚ್ಚು.

ಮಗು ಬೆಚ್ಚಬಾರದು ಅಂತ ಒಬ್ಬರು, ಗತ್ತಿಗೆ ಅಂತ ಇನ್ನೊಬ್ಬರು ಉಗುರಿಗೆ ಚಿನ್ನದ ಕಟ್ಟು ಹಾಕಿಸುತ್ತಾರೆ. ಒಂದು ಹುಲಿಗೆ ಇರೋದು 18 ಉಗುರು. ಬದುಕಿರೋ ಹುಲಿ ಒಂದನ್ನೂ ಕಳಚಿ ಕೊಡಲ್ಲ. ಕೊಳ್ಳೋರು ಇದ್ದರೆ ತಾನೇ ಕಾಡಲ್ಲಿ ಉರುಳು ಹಾಕೋರು ಹುಟ್ಟೋದು? ಪೇಟೆಯಲ್ಲಿ ತಿರುಗೋ ಉಗುರಲ್ಲಿ ಎಷ್ಟೋ ನಕಲಿ. ಅಸಲಿಯಾದರೆ ಜೈಲು, ನಕಲಿಯಾದರೆ ಟೋಪಿ!

‘ನಮ್ಮ ತಾತನ ಕಾಲದ್ದು’ ಅಂದರೂ ನಡೆಯಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮಾಲೀಕತ್ವದ ಸರ್ಟಿಫಿಕೇಟು ಇಲ್ಲದೆ ಇಟ್ಟುಕೊಂಡರೂ ಅಪರಾಧವೇ; ಶಿಕ್ಷೆ 3ರಿಂದ 7 ವರ್ಷ. 2023ರ ಅಕ್ಟೋಬರಿನಲ್ಲಿ ಟಿವಿ ಸ್ಪರ್ಧಿಯೊಬ್ಬರ ಕೊರಳಿನ ಉಗುರು ಅವರನ್ನು ಜೈಲಿಗೆ ಕಳಿಸಿದ್ದು ರಾಜ್ಯಕ್ಕೇ ಗೊತ್ತು.

2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 563 ಹುಲಿ, ದೇಶದಲ್ಲೇ ಎರಡನೇ ಸ್ಥಾನ. ಹಾಗಂತ ಮೈಮರೆಯೋ ಹಾಗಿಲ್ಲ. ರಾಜಸ್ಥಾನದ ಸರಿಸ್ಕಾ ಕಾಡೂ ಹುಲಿ ಯೋಜನೆಯದ್ದೇ. ಕಳ್ಳಬೇಟೆಗೆ ಸಿಕ್ಕಿ 2005ರ ಹೊತ್ತಿಗೆ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. 2008ರಲ್ಲಿ ರಣಥಂಬೋರದಿಂದ ಹೆಲಿಕಾಪ್ಟರಿನಲ್ಲಿ ಹುಲಿ ಹೊತ್ತು ತರಬೇಕಾಯಿತು.

ಕಾಡಿನೊಳಗೆ ಗಾರ್ಡು, ವಾಚರುಗಳು ಗಸ್ತು ತಿರುಗುತ್ತಾರೆ. ಪೇಟೆಯೊಳಗೆ ತಿರುಗೋರು ಯಾರು? ನಾವೇ. ಯಾರಾದರೂ ಅಂಗಡಿ ಮುಂದೆ ಪೊಟ್ಟಣ ಬಿಚ್ಚಿ ‘ಇದಕ್ಕೊಂದು ಕಟ್ಟು ಹಾಕಿಕೊಡಿ’ ಅಂದರೆ ‘ಆಗಲ್ಲ, ನಡಿಯಯ್ಯಾ’ ಅನ್ನಿ. ಅರಣ್ಯ ಇಲಾಖೆಗೂ ಒಂದು ಮಾತು ಮುಟ್ಟಿಸಿ. ಲಕ್ಕವಳ್ಳಿ ಕಾಡಿನ ಹುಲಿಗೆ ಕಡೂರಿನ ಅಂಗಡಿಯವರು ಮಾಡಬಹುದಾದ ದೊಡ್ಡ ಉಪಕಾರ ಅದೇ.