ಹಳೇ ಡಾಕ್ಟರ ಬ್ಯಾಗಿನಲ್ಲಿ ಏನಿತ್ತು?

ಕ್ಯಾತಗಾನಚೆರ್ಲು ಎಂಬ ಊರು ಇರುವ ಪಾವಗಡ ತಾಲ್ಲೂಕನ್ನು ಆಂಧ್ರ ಹೆಚ್ಚುಕಡಿಮೆ ಸುತ್ತುವರಿದಿದೆ. ಇಂಥ ಗಡಿಸೀಮೆಗೆ ಬೇರೆ ಕಡೆಯಿಂದ ಬಂದು ನೆಲೆಸುವ ಡಾಕ್ಟರಿಗೆ ಕನ್ನಡದ ಜೊತೆ ತೆಲುಗೂ ಬೇಕು.

ಭಾಷೆಯ ಜೊತೆಗೆ ಬ್ಯಾಗೂ ಬೇಕಲ್ಲ! ಹಿಂದಿನ ಕಾಲದ ಡಾಕ್ಟರ ಬ್ಯಾಗ್ ತೆರೆದರೆ ಮೊದಲು ಸಿಗುವುದು ಸ್ಟೆತಸ್ಕೋಪ್. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಸುತ್ತಿದ ಕಾಗದದಿಂದ ಅದು ಶುರುವಾಯಿತು. ಪಕ್ಕದಲ್ಲೇ ಗಾಜಿನ ಸಿರಿಂಜು. ಒಬ್ಬರಿಗೆ ಚುಚ್ಚಿದ ಮೇಲೆ ಕುದಿಸಿ ಇನ್ನೊಬ್ಬರಿಗೆ; ಸೂಜಿ ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದರು.

ನನಗೆ ಹೆಚ್ಚು ಪ್ರೀತಿ ಮಿಕ್ಸ್ಚರ್ ಬಾಟಲಿ ಮೇಲೆ. ಕಾಂಪೌಂಡರ್ ಕಾಗದದ ಪಟ್ಟಿ ಮಡಚಿ, ಹಲ್ಲುಹಲ್ಲಾಗಿ ಕತ್ತರಿಸಿ, ಬಾಟಲಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಡೋಸು. ಓದು ಬಾರದ ಅಜ್ಜಿಗೂ ಲೆಕ್ಕ ಸಿಗುತ್ತಿತ್ತು. ಎಂಥ ಜಾಣತನ!

ನಿಮ್ಮ ಮನೆ ಅಟ್ಟದಲ್ಲಿ ಹಳೇ ಪಾದರಸದ ಬಿಪಿ ಮಿಷನ್ ಇದೆಯೇ? ಪಾದರಸ ವಿಷ. ಮಕ್ಕಳ ಕೈಗೆ ಕೊಡಬೇಡಿ, ಗುಜರಿಗೂ ಹಾಕಬೇಡಿ, ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿ.